9 ಜಿ ತಡೆದುಕೊಳ್ಳಲು ಹೆಣ್ಣುಮಕ್ಕಳು ಹೇಗೆ ತಯಾರಾಗಬೇಕು?

ಕಳೆದ ವರ್ಷ ನನ್ನ ಅಕ್ಕನ ಮಗಳು ಫೋನ್ ಮಾಡಿ, "ಚಿಕ್ಕಮ್ಮ, ನಾನು ಎಎಫ್‌ಕ್ಯಾಟ್ ಬರೀತೀನಿ, ಫೈಟರ್ ಪೈಲಟ್ ಆಗ್ಬೇಕು" ಅಂದಳು. ಎಎಫ್‌ಕ್ಯಾಟ್ ಅಂದರೆ ವಾಯುಪಡೆಯ ಅಧಿಕಾರಿಯಾಗಲು ಬರೆಯುವ ಪರೀಕ್ಷೆ. ನಾನು ಖುಷಿಯಿಂದ ಏನೋ ಹೇಳಬೇಕು ಅನ್ನುವಷ್ಟರಲ್ಲಿ ಹಿಂದಿನಿಂದ ಭಾವನ ದನಿ ಕೇಳಿಸಿತು. "ಆ ವಿಮಾನದಲ್ಲಿ ಗಂಡಸರೇ ಜ್ಞಾನ ತಪ್ಪಿ ಬೀಳ್ತಾರಂತೆ. ಹೆಣ್ಣುಮಕ್ಕಳ ದೇಹ ತಡೀತದಾ? ನೀನೇ ಹೇಳಮ್ಮ, ನೀನು ಫಿಸಿಯೋಥೆರಪಿಸ್ಟ್ ಅಲ್ವಾ?"

ತಡೆಯುತ್ತದೆ ಭಾವ, ಅಂದೆ. ಆದರೆ ಸುಮ್ನೆ ಹಾಗೆ ಹೇಳಿ ಫೋನ್ ಇಡುವುದು ಸರಿಯಲ್ಲ ಅನಿಸಿತು. ನಾನು ವಿಮಾನ ಹಾರಿಸಿದವಳಲ್ಲ. ಹಾಗಾಗಿ ಓದಿದೆ, ಗೊತ್ತಿರುವವರನ್ನು ಕೇಳಿದೆ, ಅವಳಿಗೆ ವಾರಕ್ಕೊಂದರಂತೆ ಹೇಳಿಕೊಟ್ಟೆ. ಅದನ್ನೇ ಇಲ್ಲಿ ಒಂದು ಕ್ರಮದಲ್ಲಿ ಬರೆದಿದ್ದೇನೆ. ವಾಯುಪಡೆ ಸೇರಿದ ಮೇಲೆ ಇದನ್ನೆಲ್ಲ ಅವರೇ ಕಲಿಸುತ್ತಾರೆ, ಅದು ಬೇರೆ. ಸೇರುವ ಮೊದಲ ಒಂದೆರಡು ವರ್ಷದಲ್ಲಿ ದೇಹವನ್ನು ಹೇಗೆ ತಯಾರು ಮಾಡಿಕೊಳ್ಳಬೇಕು, ಸೇರಿದ ಮೇಲೆ ಯಾವುದನ್ನು ನಾಚಿಕೆ ಬಿಟ್ಟು ಕೇಳಬೇಕು, ಅದು ಈ ಲೇಖನ.

ಮೊದಲು: ಜಿ ಅಂದರೆ ಏನು, ತಲೆ ಯಾಕೆ ತಿರುಗುತ್ತದೆ

ನೀರು ತುಂಬಿದ ತಂಬಿಗೆಗೆ ಹಗ್ಗ ಕಟ್ಟಿ ಗಿರಗಿರ ತಿರುಗಿಸಿದರೆ ತಂಬಿಗೆ ತಲೆಕೆಳಗಾದರೂ ನೀರು ಚೆಲ್ಲುವುದಿಲ್ಲ. ಜಾತ್ರೆಯ ಮರಣ ಬಾವಿಯಲ್ಲಿ ಬೈಕಿನವನು ಗೋಡೆಗೆ ಅಂಟಿಕೊಂಡು ಓಡಿಸುವುದೂ ಇದೇ ಲೆಕ್ಕ. ಫೈಟರ್ ವಿಮಾನ ಜೋರಾಗಿ ತಿರುಗಿದಾಗ ಒಳಗೆ ಕೂತವರು ತಂಬಿಗೆಯ ನೀರಿನ ಹಾಗೆ ಸೀಟಿಗೆ ಒತ್ತಿಕೊಳ್ಳುತ್ತಾರೆ. ನಾವೀಗ ಕೂತಿರುವುದು 1 ಜಿ. ಬೀದರ್‌ನಲ್ಲಿ ತರಬೇತಿಗೆ ಹಾರಿಸುವ ಹಾಕ್ ವಿಮಾನ 8 ಜಿ ತನಕ ಹೋಗುತ್ತದೆ, ರಫೇಲ್ 9 ಜಿ. 60 ಕೆಜಿ ತೂಕದ ಹುಡುಗಿ 9 ಜಿಯಲ್ಲಿ 540 ಕೆಜಿ ಆಗುತ್ತಾಳೆ, ಒಂದು ದಷ್ಟಪುಷ್ಟ ಎಮ್ಮೆಯ ತೂಕ.

ತೂಕ ಹೆಚ್ಚುವುದು ಮೈಗೆ ಮಾತ್ರ ಅಲ್ಲ, ರಕ್ತಕ್ಕೂ. ಕಷ್ಟ ಶುರುವಾಗುವುದು ಅಲ್ಲೇ. ನಿಮ್ಮ ಮನೆಯ ಸಂಪು, ಮೋಟಾರು, ಮೇಲಿನ ಟ್ಯಾಂಕು ನೆನಪು ಮಾಡಿಕೊಳ್ಳಿ. ಹೃದಯ ಅಂದರೆ ಮೋಟಾರು, ತಲೆ ಅಂದರೆ ಮೇಲಿನ ಟ್ಯಾಂಕು. ಮೋಟಾರಿನ ಶಕ್ತಿ ಅಷ್ಟೇ ಇದೆ, ಆದರೆ ನೀರು ಇದ್ದಕ್ಕಿದ್ದಂತೆ ಎಂಟು ಪಟ್ಟು ಭಾರವಾಯಿತು. ಟ್ಯಾಂಕಿಗೆ ನೀರು ಹೇಗೆ ಹತ್ತಬೇಕು? 8 ಜಿಯಲ್ಲಿ ರಕ್ತ ಹೆಚ್ಚುಕಡಿಮೆ ಕರಗಿಸಿದ ಕಬ್ಬಿಣದಷ್ಟು ಭಾರ.

ಲೆಕ್ಕ ಹಾಕಿಯೇ ನೋಡೋಣ. ಹೃದಯದ ಮಟ್ಟದಲ್ಲಿ ಸರಾಸರಿ ರಕ್ತದೊತ್ತಡ 100 ಅಂತ ಇಟ್ಟುಕೊಳ್ಳಿ. ಹೃದಯದಿಂದ ಕಣ್ಣಿಗೆ ಸುಮಾರು 30 ಸೆಂಟಿಮೀಟರ್ ಎತ್ತರ. ಅಷ್ಟು ಎತ್ತರಕ್ಕೆ ರಕ್ತ ಏರಿಸಲು ಪ್ರತಿ ಜಿಗೆ 22ರಷ್ಟು ಒತ್ತಡ ಖರ್ಚಾಗುತ್ತದೆ. 1 ಜಿಯಲ್ಲಿ ಕಣ್ಣಿನ ಹತ್ತಿರ ಉಳಿಯುವುದು 78. 2 ಜಿಯಲ್ಲಿ 56, 3ರಲ್ಲಿ 34, 4ರಲ್ಲಿ 12. ಕಣ್ಣುಗುಡ್ಡೆಯ ಒಳಗೇ ಸುಮಾರು 15ರ ಒತ್ತಡ ಇರುವುದರಿಂದ, ಹೊರಗಿನಿಂದ ಬರುವ ರಕ್ತ ಅದಕ್ಕಿಂತ ಕಮ್ಮಿಯಾದರೆ ಒಳಗೆ ನುಗ್ಗುವುದಿಲ್ಲ. ಅದಕ್ಕೇ ಮಿದುಳು ಕೈಕೊಡುವ ಮೊದಲು ಕಣ್ಣು ಕೈಕೊಡುತ್ತದೆ. ಮೊದಲು ಬಣ್ಣ ಮಾಸುತ್ತದೆ, ಅಂಚುಗಳು ಕಪ್ಪಾಗುತ್ತವೆ, ಕೊಳವೆಯೊಳಗಿಂದ ನೋಡಿದ ಹಾಗೆ ಆಗುತ್ತದೆ, ಆಮೇಲೆ ಪೂರ್ತಿ ಕತ್ತಲು. ಆಗಲೂ ಕಿವಿ ಕೇಳುತ್ತಿರುತ್ತದೆ, ಎಚ್ಚರ ಇರುತ್ತದೆ. ಇನ್ನೂ ಹೋದರೆ ಎಚ್ಚರವೂ ತಪ್ಪುತ್ತದೆ. ಇದಕ್ಕೆ ಅವರು ಹೇಳುವುದು ಜಿ-ಲಾಕ್.

ನನಗೆ ಇದರ ಒಂದು ಸಣ್ಣ ರುಚಿ ಸಿಕ್ಕಿದ್ದು ರಕ್ತದಾನದ ಶಿಬಿರದಲ್ಲಿ. ಬೆಳಗ್ಗೆ ತಿಂಡಿ ತಿನ್ನದೆ ಹೋಗಿ, ರಕ್ತ ಕೊಟ್ಟು, ಹತ್ತು ನಿಮಿಷ ಮಲಗಿರಿ ಅಂದರೂ ಕೇಳದೆ ದಡಕ್ಕನೆ ಎದ್ದೆ. ಗೋಡೆಯ ಹಸಿರು ಬಣ್ಣ ಬೂದಿ ಬಣ್ಣವಾಯಿತು. ಬಾಗಿಲ ಚೌಕಟ್ಟು ಎರಡೂ ಕಡೆಯಿಂದ ಮುಚ್ಚಿಕೊಂಡು ಬಂತು. "ಮೇಡಂ, ಕೂತ್ಕೊಳ್ಳಿ" ಅನ್ನುವುದು ಸ್ಪಷ್ಟವಾಗಿ ಕೇಳಿಸುತ್ತಿತ್ತು, ಹೇಳಿದವರು ಮಾತ್ರ ಕಾಣಲಿಲ್ಲ. ಅದು ಬರೀ 1 ಜಿಯಲ್ಲಿ.

ಇನ್ನೊಂದು ವಿಷಯ. ಜಿ ನಿಧಾನವಾಗಿ ಏರಿದರೆ ಕಣ್ಣು ಹೀಗೆ ಎಚ್ಚರಿಕೆ ಕೊಡುತ್ತದೆ. ಸರ್ರನೆ ಏರಿದರೆ ಕೊಡುವುದಿಲ್ಲ. ಮಿದುಳಿನಲ್ಲಿ ನಾಲ್ಕರಿಂದ ಆರು ಸೆಕೆಂಡಿಗೆ ಸಾಲುವಷ್ಟು ಆಮ್ಲಜನಕ ಮಾತ್ರ ದಾಸ್ತಾನು ಇರುತ್ತದೆ, ಅದು ಮುಗಿದ ಕೂಡಲೇ ಸ್ವಿಚ್ ಆಫ್. ಎಚ್ಚರ ತಪ್ಪಿದವರು ಸರಾಸರಿ 12 ಸೆಕೆಂಡು ಪೂರ್ತಿ ಪ್ರಜ್ಞೆ ಇಲ್ಲದೆ ಇರುತ್ತಾರೆ, ಮತ್ತೆ ಹೆಚ್ಚುಕಡಿಮೆ ಅಷ್ಟೇ ಹೊತ್ತು ಗೊಂದಲದಲ್ಲಿರುತ್ತಾರೆ. ಗಂಟೆಗೆ 800 ಕಿಲೋಮೀಟರ್ ವೇಗದ ವಿಮಾನ ಆ 24 ಸೆಕೆಂಡಿನಲ್ಲಿ ಐದು ಕಿಲೋಮೀಟರ್ ದಾಟಿರುತ್ತದೆ. ಎಷ್ಟೋ ಜನಕ್ಕೆ ತಾವು ಎಚ್ಚರ ತಪ್ಪಿದ್ದೇ ನೆನಪಿರುವುದಿಲ್ಲ, ವಿಡಿಯೊ ತೋರಿಸಿದ ಮೇಲೆ ನಂಬುತ್ತಾರೆ.

ಭಾವನ ಪ್ರಶ್ನೆಗೆ ಉತ್ತರ

1986ರಲ್ಲಿ ಅಮೆರಿಕದ ವಾಯುಪಡೆಯ ವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. 102 ಹೆಂಗಸರು, 139 ಗಂಡಸರನ್ನು ಸೆಂಟ್ರಿಫ್ಯೂಜ್‌ನಲ್ಲಿ ಕೂರಿಸಿ ತಿರುಗಿಸಿ ನೋಡಿದ್ದರು. ಸೆಂಟ್ರಿಫ್ಯೂಜ್ ಅಂದರೆ ಉದ್ದ ತೋಳಿನ ತುದಿಗೆ ಒಂದು ಪುಟ್ಟ ಕೋಣೆ ಕಟ್ಟಿ ಗಿರಗಿರ ತಿರುಗಿಸುವ ಯಂತ್ರ. ಸುಮ್ಮನೆ ಕೂತಾಗಲೂ, ಮೈ ಬಿಗಿ ಹಿಡಿದಾಗಲೂ, ಎರಡೂ ಗುಂಪಿನ ನಡುವೆ ಲೆಕ್ಕಕ್ಕೆ ಬರುವಂಥ ವ್ಯತ್ಯಾಸ ಸಿಗಲಿಲ್ಲ. ತರಬೇತಿಯ ಸುತ್ತುಗಳನ್ನು 24 ಹೆಂಗಸರಲ್ಲಿ 88% ಮುಗಿಸಿದರು, 213 ಗಂಡಸರಲ್ಲಿ 80%. ಆ ಅಂತರವೂ ದೊಡ್ಡದಲ್ಲ ಅಂತಲೇ ಅವರು ಹೇಳಿದ್ದು. 47 ಹೆಂಗಸರನ್ನು ಮುಟ್ಟಿನ ದಿನಗಳಲ್ಲೊಮ್ಮೆ, ಬೇರೆ ದಿನಗಳಲ್ಲೊಮ್ಮೆ ಪರೀಕ್ಷಿಸಿದರು. ಅಲ್ಲೂ ವ್ಯತ್ಯಾಸ ಇಲ್ಲ.

ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ, ಅದನ್ನು ಮುಚ್ಚಿಡುವುದು ನನಗೆ ಇಷ್ಟವಿಲ್ಲ. ಒಂದೇ ಎತ್ತರದ ಗಂಡು-ಹೆಣ್ಣನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಹೆಂಗಸರು ಸ್ವಲ್ಪ ಹಿಂದೆ ಬೀಳುತ್ತಾರೆ. ಟ್ಯಾಂಕಿನ ಲೆಕ್ಕಕ್ಕೆ ಬನ್ನಿ. ಕುಳ್ಳಗಿರುವವರ ಟ್ಯಾಂಕು ಕೆಳಗಿದೆ, ಅದು ಲಾಭ. 30ರ ಬದಲು 27 ಸೆಂಟಿಮೀಟರ್ ಆದರೆ ಕಾಗದದ ಮೇಲೆ ಅರ್ಧ ಜಿ ಉಳಿತಾಯ. ಹೆಣ್ಣುಮಕ್ಕಳ ಮೋಟಾರಿನ ಒತ್ತಡ, ಅಂದರೆ ಬಿಪಿ, ಸಾಮಾನ್ಯವಾಗಿ ಒಂದಿಷ್ಟು ಕಮ್ಮಿ, ಹಿಂಡುವ ಸ್ನಾಯುವೂ ಕಮ್ಮಿ. ಅದು ನಷ್ಟ. ಕೂಡಿ ಕಳೆದರೆ ಸರಿಸಮ ಆಗುತ್ತದೆ. ಎತ್ತರವನ್ನು ಬದಲಿಸಲು ಆಗುವುದಿಲ್ಲ, ಆದರೆ ನಷ್ಟದ ಕಡೆ ಇರುವುದನ್ನೆಲ್ಲ ತಿದ್ದಿಕೊಳ್ಳಬಹುದು. ಮುಂದಿನ ಹೆಜ್ಜೆಗಳೆಲ್ಲ ಅದಕ್ಕೇ.

ಇದೆಲ್ಲ ಬರೀ ಪುಸ್ತಕದ ಮಾತು ಅಂತ ಯಾರಾದರೂ ಅಂದರೆ ಹೆಸರು ಹೇಳಿ. ನಮ್ಮ ವಾಯುಪಡೆಯ ಮೊದಲ ಮಹಿಳಾ ಫೈಟರ್ ಪೈಲಟ್‌ಗಳಾದ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ 2016ರ ಜೂನ್‌ನಲ್ಲಿ ದುಂಡಿಗಲ್‌ನ ವಾಯುಪಡೆ ಅಕಾಡೆಮಿಯಿಂದ ತರಬೇತಿ ಮುಗಿಸಿ ಹೊರಬಂದರು. 2018ರ ಫೆಬ್ರವರಿಯಲ್ಲಿ ಅವನಿ ಜಾಮ್‌ನಗರದಲ್ಲಿ ಮಿಗ್-21 ಬೈಸನ್ ಅನ್ನು ಒಬ್ಬರೇ ಹಾರಿಸಿದರು. ಅದೇ ವರ್ಷ ನಮ್ಮ ಚಿಕ್ಕಮಗಳೂರಿನ ಮೇಘನಾ ಶಾನುಭಾಗ್ ಫೈಟರ್ ಪೈಲಟ್ ಆಗಿ ಹೊರಬಂದರು.

ಅಳತೆ ಟೇಪು ಹಿಡಿಯಿರಿ

ಕನಸು ಕಾಣುವ ಮೊದಲು ಇದನ್ನು ಮುಗಿಸಿಬಿಡಿ. ಹಾರಾಟದ ಶಾಖೆಗೆ ಕನಿಷ್ಠ ಎತ್ತರ 162.5 ಸೆಂಟಿಮೀಟರ್. ಕಾಲಿನ ಉದ್ದ 99ರಿಂದ 120, ಕೂತಾಗಿನ ಎತ್ತರ 81.5ರಿಂದ 96, ತೊಡೆಯ ಉದ್ದ 64 ಮೀರಬಾರದು. ನಮ್ಮ ಕಡೆಯ ಹುಡುಗಿಯರಿಗೆ ನಿಜವಾದ ಅಡ್ಡಿ ಜಿ ಅಲ್ಲ, ಈ ಮೊದಲ ಸಂಖ್ಯೆ. ಕೂತಾಗಿನ ಎತ್ತರವನ್ನು ಗೋಡೆಗೆ ಬೆನ್ನು ಕೊಟ್ಟು, ನೆಲದ ಮೇಲೆ ಕೂತು, ತಲೆಯ ಮೇಲೊಂದು ಪುಸ್ತಕ ಇಟ್ಟು ಅಳೆದರೆ ಅಂದಾಜು ಸಿಗುತ್ತದೆ. ಅರ್ಜಿ ಹಾಕುವಾಗ ಆ ವರ್ಷದ ಅಧಿಸೂಚನೆಯನ್ನು ಒಮ್ಮೆ ನೋಡಿಕೊಳ್ಳಿ.

ರಕ್ತ ಪರೀಕ್ಷೆ ಮಾಡಿಸಿ

ಟ್ಯಾಂಕಿಗೆ ನೀರು ಹತ್ತಿದರೆ ಸಾಲದು, ಆ ನೀರಿನಲ್ಲಿ ಸತ್ವ ಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57% ಜನಕ್ಕೆ ರಕ್ತಹೀನತೆ ಇದೆ. ಅಂದರೆ ಪೈಲಟ್ ಆಗಬೇಕು ಅಂತ ಇದನ್ನು ಓದುತ್ತಿರುವ ನಿಮಗೂ ಇರಬಹುದು, ಗೊತ್ತೇ ಆಗದ ಹಾಗೆ. ಹಿಮೋಗ್ಲೋಬಿನ್ ಜೊತೆ, ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ಕೂಡ ಮಾಡಿಸಿ. ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುವವರು ಅದನ್ನು ಹಣೆಬರಹ ಅಂತ ಬಿಡದೆ ಡಾಕ್ಟರಿಗೆ ತೋರಿಸಿ. ಕಬ್ಬಿಣದ ಮಾತ್ರೆ ಬರೆದುಕೊಟ್ಟರೆ ಕಾಫಿ ಜೊತೆ ನುಂಗಬೇಡಿ, ಕಾಫಿ ಟೀ ಎರಡೂ ಕಬ್ಬಿಣ ಮೈಗೆ ಹತ್ತದಂತೆ ಮಾಡುತ್ತವೆ. ನನ್ನ ಅಕ್ಕನ ಮಗಳ ಹಿಮೋಗ್ಲೋಬಿನ್ 10.4 ಇತ್ತು. ಅದನ್ನು ಹನ್ನೆರಡರ ಮೇಲೆ ತರಲು ನಾಲ್ಕು ತಿಂಗಳು ಹಿಡಿಯಿತು. ಅದಾದ ಮೇಲೇ ಅವಳಿಗೆ ಮೆಟ್ಟಿಲು ಹತ್ತುವಾಗ ಏದುಸಿರು ಬರುವುದು ನಿಂತದ್ದು, ಅಲ್ಲಿಯ ತನಕ "ನಂಗೆ ಸ್ಟ್ಯಾಮಿನಾ ಇಲ್ಲ" ಅಂತಲೇ ಅಂದುಕೊಂಡಿದ್ದಳು.

ಕಾಲು, ಸೊಂಟ, ಹೊಟ್ಟೆ

ಜಿ ಏರಿದಾಗ ರಕ್ತ ಕಾಲಿಗೆ, ಹೊಟ್ಟೆಗೆ ಇಳಿದು ಅಲ್ಲೇ ನಿಲ್ಲುತ್ತದೆ. ಅಲ್ಲಿಂದ ಅದನ್ನು ಹಿಂಡಿ ಮೇಲೆ ಕಳಿಸುವುದು ಕಣಕಾಲು, ತೊಡೆ, ಪೃಷ್ಠ, ಹೊಟ್ಟೆಯ ಸ್ನಾಯುಗಳು. ಹೆಣ್ಣುಮಕ್ಕಳಿಗೆ ಇದು ಒಳ್ಳೆಯ ಸುದ್ದಿ. ಗಂಡು-ಹೆಣ್ಣಿನ ಬಲದ ಅಂತರ ದೊಡ್ಡದಿರುವುದು ತೋಳು, ಭುಜದಲ್ಲಿ. ಸೊಂಟದ ಕೆಳಗೆ ಆ ಅಂತರ ಚಿಕ್ಕದು.

ಹಾಗಾಗಿ ಗರಡಿಯ ಹಳೆಯ ಬಸ್ಕಿಯಿಂದ ಶುರು ಮಾಡಿ. ಬರೀ ಮೈಯಲ್ಲಿ ಇಪ್ಪತ್ತು ಬಸ್ಕಿ ಸಲೀಸಾದ ಮೇಲೆ ತೂಕ ಹಿಡಿದು ಮಾಡಿ. ಜಿಮ್ ಇದ್ದರೆ ಸ್ಕ್ವಾಟ್, ಡೆಡ್‌ಲಿಫ್ಟ್, ಲೆಗ್ ಪ್ರೆಸ್, ಕಣಕಾಲಿಗೆ ಕಾಫ್ ರೇಸ್, ಹೊಟ್ಟೆಗೆ ಪ್ಲ್ಯಾಂಕ್. ವಾರಕ್ಕೆ ಮೂರು ದಿನ ಸಾಕು. ಹತ್ತು ಸಲ ಎತ್ತುವಷ್ಟರಲ್ಲಿ ಸಾಕಪ್ಪಾ ಅನಿಸುವಷ್ಟು ತೂಕ ಇರಲಿ, ಗುಲಾಬಿ ಬಣ್ಣದ ಒಂದು ಕೆಜಿ ಡಂಬೆಲ್‌ನಿಂದ ಇದು ಆಗುವುದಿಲ್ಲ. ತೂಕ ಎತ್ತುವ ವ್ಯಾಯಾಮ ಮಾಡಿದವರು ಜಿಯನ್ನು ಹೆಚ್ಚು ಹೊತ್ತು ತಡೆದುಕೊಳ್ಳುತ್ತಾರೆ ಅನ್ನುವುದನ್ನು ಸೆಂಟ್ರಿಫ್ಯೂಜ್‌ನಲ್ಲೇ ನೋಡಿದ್ದಾರೆ.

ಓಟ? ಬೇಕು, ಆದರೆ ಹದವಾಗಿ. ವಾರಕ್ಕೆ ಮೂರು ಸಲ, ಇಪ್ಪತ್ತು ಮೂವತ್ತು ನಿಮಿಷ. ಮಧ್ಯೆ ಮಧ್ಯೆ ಜೋರಾಗಿ ಓಡಿ ನಿಧಾನಿಸುವುದು ಇನ್ನೂ ಒಳ್ಳೆಯದು. ಮ್ಯಾರಥಾನ್ ಮಟ್ಟದಲ್ಲಿ ದಿನಾ ಓಡುವವರ ನಾಡಿ ತುಂಬಾ ನಿಧಾನವಾಗಿರುತ್ತದೆ, ಜಿ ಸಡನ್ನಾಗಿ ಬಂದಾಗ ಅದು ಏರಲು ತಡ ಆಗಬಹುದು ಅಂತ ವಾಯುಪಡೆಯ ವೈದ್ಯರು ಹಿಂದಿನಿಂದ ಎಚ್ಚರಿಸುತ್ತಾ ಬಂದಿದ್ದಾರೆ.

ಉಸಿರು: ಇದೇ ಮುಖ್ಯ, ನಿಧಾನವಾಗಿ ಓದಿ

ಮೈ ಬಿಗಿದು ಉಸಿರು ಕಟ್ಟುವ ಈ ಕ್ರಮಕ್ಕೆ ವಾಯುಪಡೆಯಲ್ಲಿ ಎಜಿಎಸ್‌ಎಂ ಅನ್ನುತ್ತಾರೆ. ಸರಿಯಾಗಿ ಮಾಡಿದರೆ ಇದೊಂದೇ ಮೂರು ಜಿಯಷ್ಟು ಬಲ ಕೂಡಿಸುತ್ತದೆ, ಗಾಳಿ ತುಂಬಿ ಕಾಲು, ಹೊಟ್ಟೆ ಒತ್ತುವ ಜಿ-ಸೂಟು ಕೊಡುವುದು ಒಂದು, ಒಂದೂವರೆ ಅಷ್ಟೇ. ಎಚ್ಚರ ತಪ್ಪುವ ಪ್ರಸಂಗಗಳಲ್ಲಿ ಹೆಚ್ಚಿನವು ಇದನ್ನು ತಡವಾಗಿ ಶುರು ಮಾಡಿದ್ದರಿಂದಲೋ ತಪ್ಪಾಗಿ ಮಾಡಿದ್ದರಿಂದಲೋ ಆಗುತ್ತವೆ.

ಮೊದಲು ಒಂದು ಎಚ್ಚರಿಕೆ. ಬಿಪಿ, ಹೃದಯದ ತೊಂದರೆ, ಹರ್ನಿಯಾ, ಗ್ಲಾಕೋಮಾ ಇರುವವರು, ಗರ್ಭಿಣಿಯರು ಇದನ್ನು ಮಾಡಲೇಬಾರದು. ಉಳಿದವರು ಮನೆಯಲ್ಲಿ ಬರೀ ಲಯ ಕಲಿಯಿರಿ. ಮೂರನೇ ಒಂದು ಭಾಗ ಬಲ ಸಾಕು. ನಿಂತುಕೊಂಡು ಬೇಡ, ಒಬ್ಬರೇ ಇರುವಾಗ ಬೇಡ. ಪೂರ್ತಿ ಬಲ ಹಾಕುವುದನ್ನು ಅಲ್ಲಿನ ಗುರುಗಳ ಎದುರಿಗೇ ಕಲಿಯಬೇಕು.

ಗಟ್ಟಿ ಕುರ್ಚಿಯಲ್ಲಿ ಬೆನ್ನು, ತಲೆ ನೇರವಾಗಿ ಇಟ್ಟು ಕೂತುಕೊಳ್ಳಿ. (ನಾವು ಮೊದಲು ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಾಡಿದೆವು. ಅವಳು ಕಾಲೊತ್ತಿದ ರಭಸಕ್ಕೆ ಅದು ಟೈಲ್ಸ್ ಮೇಲೆ ಹಿಂದಕ್ಕೆ ಜಾರಿ ಫ್ರಿಜ್‌ಗೆ ಬಡಿಯಿತು. ಮರದ ಕುರ್ಚಿ, ಗೋಡೆಗೆ ಒರಗಿಸಿ.) ಎರಡೂ ಪಾದಗಳನ್ನು ನೆಲಕ್ಕೆ ಒತ್ತಿ, ವಿಮಾನದಲ್ಲಾದರೆ ಪೆಡಲ್ ಮೇಲೆ. ಕಣಕಾಲು ಬಿಗಿ, ತೊಡೆ ಬಿಗಿ, ಪೃಷ್ಠ ಬಿಗಿ, ಆಮೇಲೆ ಹೊಟ್ಟೆ. ಕೆಳಗಿನಿಂದ ಮೇಲಕ್ಕೆ, ಇದೇ ಕ್ರಮ, ಟೂತ್‌ಪೇಸ್ಟನ್ನು ಬುಡದಿಂದ ಹಿಂಡಿದ ಹಾಗೆ.

ಕಾಲು ಬಿಗಿಯಾದ ಮೇಲೆ ಉಸಿರು. ಪೂರ್ತಿ ತುಂಬಬೇಡಿ, ಮುಕ್ಕಾಲು ಭಾಗ ಎಳೆದುಕೊಂಡು ಗಂಟಲು ಮುಚ್ಚಿ. ಗಂಟಲು ಮುಚ್ಚುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಬಿಕ್ಕಳಿಕೆ ಬಂದಾಗ "ಹಿಕ್" ಅಂತ ಗಂಟಲು ಠಪ್ಪನೆ ಮುಚ್ಚಿಕೊಳ್ಳುತ್ತದಲ್ಲ, ಅದೇ ಜಾಗ. "ಹಿಕ್" ಅಂತ ಹೇಳಿ, "ಕ್" ಮೇಲೆ ನಿಂತುಬಿಡಿ. ಈಗ ಮುಚ್ಚಿದ ಗಂಟಲಿಗೆ ಎದುರಾಗಿ ಎದೆಯಿಂದ ಗಾಳಿಯನ್ನು ತಳ್ಳಿ. ಎದೆಯೊಳಗಿನ ಒತ್ತಡ ಏರುತ್ತದೆ, ಅದರೊಂದಿಗೆ ರಕ್ತದೊತ್ತಡವೂ ಏರುತ್ತದೆ. ಮೋಟಾರಿಗೆ ಬೂಸ್ಟರ್ ಹಾಕಿದ ಹಾಗೆ.

ಹೀಗೆ ಮೂರು ಸೆಕೆಂಡು, ಮೂರೇ. ಆಮೇಲೆ "ಕ" ಅಂತ ಗಾಳಿ ಚೂರು ಬಿಟ್ಟು, ಕೂಡಲೇ ಸರಕ್ಕನೆ ಎಳೆದುಕೊಂಡು, ಮತ್ತೆ "ಹಿಕ್". ಈ ಬಿಟ್ಟು ಎಳೆಯುವುದು ಒಂದು ಸೆಕೆಂಡಿನ ಒಳಗೆ ಮುಗಿಯಬೇಕು, ಯಾಕೆಂದರೆ ಆ ಒಂದು ಸೆಕೆಂಡು ಒತ್ತಡ ದಬ್ಬನೆ ಬೀಳುತ್ತದೆ. ಹಾಗಂತ ಉಸಿರನ್ನು ಹತ್ತು ಸೆಕೆಂಡು ಕಟ್ಟಿದರೆ ಇನ್ನೂ ಅಪಾಯ: ಎದೆಯ ಒತ್ತಡಕ್ಕೆ ಹೆದರಿ ಕೆಳಗಿನ ರಕ್ತ ಹೃದಯಕ್ಕೆ ಹಿಂತಿರುಗುವುದೇ ಇಲ್ಲ, ಸಂಪು ಖಾಲಿ. ಗಾಳಿ ಬದಲಿಸುವಾಗ ಕಾಲು ಸಡಿಲ ಆಗಬಾರದು. ಇದೇ ಎಲ್ಲರೂ ಮಾಡುವ ತಪ್ಪು. ಉಸಿರು ಬಿಟ್ಟ ಕೂಡಲೇ ತೊಡೆಯೂ ಬಿಟ್ಟುಹೋಗುತ್ತದೆ. ನಾನು ಅವಳ ತೊಡೆಯ ಮೇಲೆ ಎರಡು ಬೆರಳು ಇಟ್ಟು ಹಿಡಿದು ನೋಡುತ್ತಿದ್ದೆ. ಮೊದಲ ವಾರ ಪ್ರತಿ ಉಸಿರಿಗೂ ಸ್ನಾಯು ಮೆತ್ತಗಾಗುತ್ತಿತ್ತು, ಅವಳು "ಬಿಟ್ಟಿಲ್ಲ ಚಿಕ್ಕಮ್ಮ" ಅಂತ ವಾದ ಮಾಡುತ್ತಿದ್ದಳು. ಅವಳ ಬೆರಳನ್ನೇ ಅಲ್ಲಿಟ್ಟ ಮೇಲೆ ಒಪ್ಪಿಕೊಂಡಳು.

ಇನ್ನೊಂದು ತಪ್ಪು, ತಿಣುಕುವ ಸದ್ದು. ಮೂಟೆ ಎತ್ತುವಾಗ "ಊಂ" ಅಂತ ದನಿ ಬರುತ್ತದಲ್ಲ, ಹಾಗೆ ಬಂದರೆ ಗಾಳಿ ಸೋರುತ್ತಿದೆ ಅಂತ ಅರ್ಥ. ಸರಿಯಾಗಿ ಮಾಡಿದರೆ ಮೂರು ಸೆಕೆಂಡೂ ಮೌನ. ಮುಖ ಕೆಂಪಗಾಗಿ, ಕುತ್ತಿಗೆಯ ನರ ಉಬ್ಬಿ, ಕಾಲು ಸಡಿಲವಾಗಿದ್ದರೆ ಅದು ನಾಟಕ, ಕೆಲಸ ಅಲ್ಲ.

ಎಲ್ಲಕ್ಕಿಂತ ಮುಖ್ಯ, ಜಿ ಬರುವ ಮೊದಲೇ ಶುರು ಮಾಡಬೇಕು. ಬಂದ ಮೇಲೆ ಬಿಗಿದರೆ ಅಷ್ಟೊತ್ತಿಗೆ ರಕ್ತ ಕೆಳಗೆ ಇಳಿದಿರುತ್ತದೆ. ದೇಹ ತಾನಾಗಿ ಬಿಪಿ ಏರಿಸಿಕೊಳ್ಳುತ್ತದೆ ನಿಜ, ಆದರೆ ಅದಕ್ಕೆ ಸುಮಾರು ಹತ್ತು ಸೆಕೆಂಡು ಬೇಕು, ಮಿದುಳಿನ ದಾಸ್ತಾನು ಐದಕ್ಕೇ ಮುಗಿದಿರುತ್ತದೆ. ಅದಕ್ಕಿಂತ ಮೊದಲು ವಿಮಾನ ಕೆಳಮುಖವಾಗಿ ಬಾಗಿ ಸೀಟಿನಿಂದ ಎತ್ತಿದ ಹಾಗಾಗಿದ್ದರೆ, ಅದರ ಹಿಂದೆಯೇ ಬರುವ ಜಿ ಇನ್ನೂ ಜೋರಾಗಿ ಹೊಡೆಯುತ್ತದೆ. ಆಗ ದೇಹ ಬಿಪಿ ಇಳಿಸುವ ಕೆಲಸದಲ್ಲಿರುತ್ತದೆ.

ಸೂಟು ಮೈಗೆ ಸರಿಯಾಗಿ ಕೂರಬೇಕು

ಜಿ-ಸೂಟು ಅಂದರೆ ಪ್ಯಾಂಟಿನ ಹಾಗೆ ಕಟ್ಟಿಕೊಳ್ಳುವ ಗಾಳಿಚೀಲ. ಹೊಟ್ಟೆ, ತೊಡೆ, ಕಣಕಾಲಿನ ಮೇಲೆ ಚೀಲಗಳಿರುತ್ತವೆ, ಜಿ ಏರಿದಾಗ ಗಾಳಿ ತುಂಬಿ ಒತ್ತುತ್ತವೆ. ಇದನ್ನು ಎಷ್ಟೋ ದಶಕ ಹೊಲಿದದ್ದು ಗಂಡಸರ ಅಳತೆಗೆ. ಸೊಂಟ ಸಣ್ಣ, ಪೃಷ್ಠ ಅಗಲ ಇರುವವರು ಪೃಷ್ಠಕ್ಕೆ ಸರಿಯಾದದ್ದು ಆರಿಸಿದರೆ ಸೊಂಟದಲ್ಲಿ ಲೊಡಲೊಡ. ಅಲ್ಲಿ ಚೀಲ ಉಬ್ಬಿದರೂ ಹೊಟ್ಟೆಯನ್ನು ಒತ್ತದೆ ಖಾಲಿ ಜಾಗ ತುಂಬುತ್ತದೆ ಅಷ್ಟೇ. ಕುಳ್ಳಗಿರುವವರಲ್ಲಿ ಚೀಲದ ಮೇಲಂಚು ಪಕ್ಕೆಲುಬಿಗೆ ಒತ್ತಿ, ಉಸಿರು ಎಳೆಯಲು ಅಡ್ಡಿ ಮಾಡುತ್ತದೆ.

ಪಕ್ಕದಲ್ಲಿ ದಾರ ಕಟ್ಟುವ ವ್ಯವಸ್ಥೆ ಇರುತ್ತದೆ. ಕಟ್ಟಿಸಿಕೊಂಡ ಮೇಲೆ ನಿಂತು, ಕೂತು, ಬಗ್ಗಿ ನೋಡಿ. ನಿಂತಾಗ ಬಿಗಿ ಅನಿಸಬೇಕು, ಕೂತಾಗ ಪಕ್ಕೆಗೆ ತಾಗಬಾರದು, ಮೊಣಕಾಲು ಚೀಲದ ಮಧ್ಯೆ ಬಿಡುವಾಗಿರಬೇಕು. ಸರಿ ಇಲ್ಲದಿದ್ದರೆ ಮತ್ತೆ ಕಟ್ಟಿಸಿ, ಬೇರೆ ಸೈಜ್ ಕೇಳಿ. ಹೊಸಬಳು, ಅದೂ ಹುಡುಗಿ, ಸುಮ್ನೆ ತಕರಾರು ಮಾಡ್ತಾಳೆ ಅಂದುಕೊಳ್ಳುತ್ತಾರೇನೋ ಅಂತ ಬಾಯಿ ಮುಚ್ಚಿಕೊಂಡಿರಬೇಡಿ. ಸಡಿಲ ಸೂಟಿನಲ್ಲಿ ಕಳೆದುಹೋದ ಒಂದು ಜಿಯನ್ನು ನಿಮ್ಮ ಬಲಹೀನತೆ ಅಂತ ಯಾರೋ ಬರೆದುಕೊಳ್ಳುವುದಕ್ಕಿಂತ ತಕರಾರು ವಾಸಿ. ನನ್ನ ಕೇಳಿದರೆ ಈ ವಿಷಯದಲ್ಲಿ ದೇಹಕ್ಕಿಂತ ಹೆಚ್ಚು ಮಾತಾಡಬೇಕಾದದ್ದು ದರ್ಜಿಯ ಬಗ್ಗೆ.

ಒಳಗೆ ತಂತಿ ಇಲ್ಲದ, ಗಟ್ಟಿ ಹಿಡಿತದ ಸ್ಪೋರ್ಟ್ಸ್ ಬ್ರಾ ಹಾಕಿ. ಹಿಂದೆ ಕೊಕ್ಕೆ ಇರುವುದು ಬೇಡ, ಸೀಟಿನ ಪಟ್ಟಿ ಅದರ ಮೇಲೆ ಕೂತರೆ 6 ಜಿಯಲ್ಲಿ ಆ ಕೊಕ್ಕೆ ಬೆನ್ನಿಗೆ ಮೊಳೆ ಹೊಡೆದ ಹಾಗಿರುತ್ತದೆ. ಉದ್ದ ಕೂದಲಿದ್ದರೆ ತುರುಬು ಕುತ್ತಿಗೆಯ ಹತ್ತಿರ ಕೆಳಗಿರಲಿ. ಹೆಲ್ಮೆಟ್ ಅಳತೆ ಕೊಡುವ ದಿನವೂ, ಹಾರುವ ದಿನವೂ ಒಂದೇ ಥರ ಕಟ್ಟಿ.

ನೀರು, ಮೂತ್ರ, ಮುಟ್ಟು

ಹಾರಾಟದ ಮೊದಲು ನೀರು ಕುಡಿಯದೆ ಇರುವುದು ಹೆಂಗಸರು ಮಾಡುವ ದೊಡ್ಡ ತಪ್ಪು. ಯಾಕೆ ಮಾಡುತ್ತಾರೆ ಅಂತ ಹೇಳಬೇಕಾಗಿಲ್ಲ. ಬಸ್ ಪ್ರಯಾಣದ ಮೊದಲು ನಮ್ಮ ಅಮ್ಮಂದಿರು ಮಾಡುವುದೂ ಅದೇ ಅಲ್ವಾ? ಗಂಡಸರಿಗೆ ಚೀಲ ಹಿಡಿದರೆ ಮುಗಿಯಿತು, ಪಟ್ಟಿ, ಸೂಟು, ಎಲ್ಲ ಬಿಗಿದುಕೊಂಡು ಕೂತ ಹೆಂಗಸಿಗೆ ಆಗುವುದಿಲ್ಲ. ಆದರೆ ನೀರು ಕಮ್ಮಿಯಾದರೆ ರಕ್ತದ ಪ್ರಮಾಣ ಇಳಿಯುತ್ತದೆ, ಸಂಪಿನಲ್ಲೇ ನೀರಿಲ್ಲದಿದ್ದರೆ ಮೋಟಾರು ಏನು ಮಾಡೀತು? ಬಿಸಿಲಲ್ಲಿ ಬೆವರಿ ವಿಮಾನ ಹತ್ತಿದ ದಿನ ಜಿ ತಡೆಯುವ ಶಕ್ತಿ ಕುಸಿಯುವುದು ಗಂಡಸರಲ್ಲೂ ಕಂಡಿದೆ.

ಹಿಂದಿನ ದಿನದಿಂದಲೇ ಸ್ವಲ್ಪ ಸ್ವಲ್ಪ ಕುಡಿಯುತ್ತಾ ಬನ್ನಿ. ಸೂಟು ಕಟ್ಟುವ ಮುಂಚೆ ಕೊನೆಯದಾಗಿ ಒಮ್ಮೆ ಹೋಗಿ ಬನ್ನಿ. ಉದ್ದದ ಹಾರಾಟಕ್ಕೆ ಹೀರುವ ಪ್ಯಾಡ್ ಇದೆ. ಅಮೆರಿಕದ ವಾಯುಪಡೆಯಲ್ಲಿ ಹೆಂಗಸರ ದೇಹಕ್ಕೆ ಒಪ್ಪುವ ಪಂಪ್ ಇರುವ ಸಾಧನಗಳನ್ನೂ ತಂದಿದ್ದಾರೆ.

ಬಿಗಿ ಹಿಡಿದಾಗ ಒಂದೆರಡು ಹನಿ ಸೋರಬಹುದು. ಹೊಟ್ಟೆಯ ಮೇಲೆ ಅಷ್ಟು ಒತ್ತಡ ಬಿದ್ದರೆ ಅದು ಸಹಜ, ಯಾರೂ ಇದನ್ನು ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೇ. ಮೂತ್ರವನ್ನು ತಡೆದು ಹಿಡಿಯುವ ಸ್ನಾಯುವನ್ನು ಐದು ಸೆಕೆಂಡು ಮೇಲಕ್ಕೆ ಎಳೆದು ಬಿಡಿ, ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಎಜಿಎಸ್‌ಎಂ ಮಾಡುವಾಗ ಪೃಷ್ಠ ಬಿಗಿಯುವ ಹಂತದಲ್ಲೇ ಇದನ್ನೂ ಸೇರಿಸಿ, ಹೊಟ್ಟೆ ಒತ್ತುವ ಮೊದಲು ಕೆಳಗಿನ ಬಾಗಿಲು ಮುಚ್ಚಿರಬೇಕು.

ಮುಟ್ಟಿನ ದಿನ ಹಾರಬಹುದು. ಪ್ಯಾಡ್ ಮಡಚಿಕೊಂಡು ತೊಡೆಸಂದಿಯ ಪಟ್ಟಿಯ ಕೆಳಗೆ ಉಜ್ಜುತ್ತದೆ, ಕಪ್ ಅಥವಾ ಟ್ಯಾಂಪೂನ್ ಸಲೀಸು. ನೋವು ಜಾಸ್ತಿ ಇದ್ದರೆ, ಅಥವಾ ಮಾತ್ರೆ ನುಂಗಿದ್ದರೆ, ಅಲ್ಲಿನ ಡಾಕ್ಟರಿಗೆ ಹೇಳಿಯೇ ಹತ್ತಬೇಕು. ಗರ್ಭಿಣಿ ಅಂತ ಗೊತ್ತಾದ ಕೂಡಲೇ ಫೈಟರ್ ಹಾರಾಟ ನಿಲ್ಲಿಸಬೇಕು.

ಕುತ್ತಿಗೆ

ತಲೆ, ಹೆಲ್ಮೆಟ್ ಸೇರಿ ಆರು ಕೆಜಿ ಅಂದುಕೊಂಡರೂ 9 ಜಿಯಲ್ಲಿ 54 ಕೆಜಿ, ಹೆಚ್ಚುಕಡಿಮೆ ಒಂದು ಸಿಮೆಂಟ್ ಮೂಟೆ. ಅದನ್ನು ಹೊತ್ತುಕೊಂಡು ಹಿಂದೆ ತಿರುಗಿ ನೋಡಬೇಕು. ಹೆಣ್ಣುಮಕ್ಕಳ ಕುತ್ತಿಗೆಯ ಸ್ನಾಯು ತೆಳು, ಹೆಲ್ಮೆಟ್ ಮಾತ್ರ ಅಷ್ಟೇ ತೂಕ. ಅಂಗೈಯನ್ನು ಹಣೆಗೆ ಒತ್ತಿ, ತಲೆ ಅಲ್ಲಾಡದಂತೆ ಎದುರು ತಳ್ಳಿ, ಹತ್ತು ಸೆಕೆಂಡು. ಹಾಗೆ ಹಿಂದೆ, ಎಡಕ್ಕೆ, ಬಲಕ್ಕೆ. ದಿನಕ್ಕೆ ಐದು ನಿಮಿಷದ ಕೆಲಸ. ಹಾರುವಾಗ ತಲೆಯನ್ನು ಮೊದಲೇ ತಿರುಗಿಸಿ, ಸೀಟಿಗೆ ಒರಗಿಸಿ, ಆಮೇಲೆ ಜಿ ಎಳೆಯಬೇಕು. ಜಿ ಇರುವಾಗ ತಿರುಗಿಸಿದರೆ ಕುತ್ತಿಗೆ ಹಿಡಿದುಕೊಳ್ಳುತ್ತದೆ.

ಸೀಟು ಸಮೇತ ಹೊರಗೆ ಹಾರುವ ಪ್ರಸಂಗ ಬಂದರೆ ಇದು ಇನ್ನೂ ಮುಖ್ಯ. 2015ರಲ್ಲಿ ಅಮೆರಿಕದಲ್ಲಿ 136 ಪೌಂಡ್, ಅಂದರೆ ಸುಮಾರು 62 ಕೆಜಿಗಿಂತ ಹಗುರ ಇರುವವರು ಎಫ್-35 ಫೈಟರ್ ವಿಮಾನ ಹಾರಿಸಬಾರದು ಅಂತ ತಡೆದರು, ಎಜೆಕ್ಷನ್ ಸೀಟ್ ಅವರ ಕುತ್ತಿಗೆಗೆ ಅಪಾಯ ಅಂತ. ಆಮೇಲೆ ಹೆಲ್ಮೆಟ್ ಹಗುರ ಮಾಡಿದರು, ಹಗುರ ಪೈಲಟ್‌ಗಳಿಗೆ ಪ್ಯಾರಾಚೂಟ್ ಚೂರು ತಡವಾಗಿ ಬಿಚ್ಚುವ ಸ್ವಿಚ್ ಇಟ್ಟರು, ತಲೆ ಹಿಂದಕ್ಕೆ ಎಗರದ ಹಾಗೆ ಬಟ್ಟೆಯ ಆಧಾರ ಕೊಟ್ಟರು. 2017ರಲ್ಲಿ ತಡೆ ತೆಗೆದರು. ಎರಡೇ ವರ್ಷ. ಹಗುರ ಪೈಲಟ್‌ಗಳ ಕುತ್ತಿಗೆ ಮಾತ್ರ ಮೊದಲಿದ್ದ ಹಾಗೇ ಇತ್ತು.

ಬೆಂಗಳೂರಿನ ಆ ಯಂತ್ರ

ನಮ್ಮ ದೇಶದ ಪೈಲಟ್‌ಗಳು ಸೆಂಟ್ರಿಫ್ಯೂಜ್‌ನಲ್ಲಿ ಕೂತು ಹೆಚ್ಚಿನ ಜಿ ಅಭ್ಯಾಸ ಮಾಡುವ ಜಾಗ ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿದೆ, ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್. 1957ರಲ್ಲಿ ಶುರುವಾದದ್ದು. ಗಗನಯಾನಕ್ಕೆ ಆಯ್ಕೆಯಾದವರನ್ನು ಪರೀಕ್ಷಿಸಿದ್ದೂ ಇಲ್ಲೇ. ಪೈಲಟ್ ಆಗಲು ಬರುವವರ ವೈದ್ಯಕೀಯ ಪರೀಕ್ಷೆ ಇಲ್ಲಿ ಅಥವಾ ದೆಹಲಿಯಲ್ಲಿ ನಡೆಯುತ್ತದೆ, ಹಾಗಾಗಿ ಮೊದಲ ಸಲ ಆ ಗೇಟಿನೊಳಗೆ ನೀವು ಹೋಗುವುದು ತಿರುಗಲು ಅಲ್ಲ, ಅಳೆಸಿಕೊಳ್ಳಲು. ತಿರುಗುವ ಸರದಿ ಆಮೇಲೆ.

ಅಂಥ ದಿನ ತಿಂಡಿ ಹಗುರವಾಗಿ ತಿನ್ನಿ, ಆದರೆ ಖಾಲಿ ಹೊಟ್ಟೆ ಬೇಡ. ಹಿಂದಿನ ರಾತ್ರಿ ಸರಿಯಾಗಿ ನಿದ್ದೆ ಮಾಡಿ. ಜ್ವರ, ಭೇದಿ ಆಗಿದ್ದರೆ ಮುಚ್ಚಿಡಬೇಡಿ. ಒಳಗೆ ಕೂತಾಗ ಎದುರಿಗೆ ದೀಪಗಳಿರುತ್ತವೆ, ಮಧ್ಯೆ ಒಂದು, ಅಂಚಿನಲ್ಲಿ ಎರಡು. ಮಧ್ಯದ ದೀಪವನ್ನೇ ನೋಡಿ. ಅಂಚಿನವು ಮಾಸಿದರೆ ಬಿಗಿ ಹೆಚ್ಚಿಸಿ, ಆಗಲೂ ಅವು ಮತ್ತೆ ಕಾಣದಿದ್ದರೆ ನಿಲ್ಲಿಸಿ ಅನ್ನಿ. ನಿಲ್ಲಿಸಿ ಅನ್ನುವುದು ಸೋಲಲ್ಲ, ಅದಕ್ಕೇ ನಿಲ್ಲಿಸುವ ಗುಂಡಿ ಕೊಟ್ಟಿರುವುದು. ಯಂತ್ರ ನಿಧಾನವಾಗುವಾಗ ತಲೆ ಅಲ್ಲಾಡಿಸಬೇಡಿ, ಮುಂದಕ್ಕೆ ಪಲ್ಟಿ ಹೊಡೆಯುತ್ತಿದ್ದೇನೆ ಅನಿಸಿ ಹೊಟ್ಟೆ ತೊಳೆಸುತ್ತದೆ.

ಸಂಜೆ ಬಟ್ಟೆ ಬದಲಿಸುವಾಗ ಕಾಲು, ತೋಳಿನ ಕೆಳಗೆ ಸಾಸಿವೆ ಚೆಲ್ಲಿದ ಹಾಗೆ ಕೆಂಪು ಚುಕ್ಕೆ ಕಾಣಿಸಬಹುದು. ಸಣ್ಣ ರಕ್ತನಾಳ ಒತ್ತಡಕ್ಕೆ ಒಡೆದದ್ದು, ಪೈಲಟ್‌ಗಳು ಇದನ್ನು ಜಿ-ಮೀಸಲ್ಸ್ ಅನ್ನುತ್ತಾರೆ. ನೋವಿರುವುದಿಲ್ಲ, ಕೆಲವು ದಿನಕ್ಕೆ ತಾನಾಗಿ ಮಾಯವಾಗುತ್ತದೆ. ರಜೆಗೆ ಊರಿಗೆ ಹೋಗುವುದಿದ್ದರೆ ಮನೆಯವರಿಗೆ ಮೊದಲೇ ಹೇಳಿಟ್ಟಿರಿ, ಇಲ್ಲದಿದ್ದರೆ ಡೆಂಗಿ ಅಂತ ಹೆದರಿ ಪ್ಲೇಟ್‌ಲೆಟ್ ಟೆಸ್ಟಿಗೆ ಎಳೆದುಕೊಂಡು ಹೋಗುತ್ತಾರೆ.